ಸೈಕಲ್ ಲೈಟಿನ ಬ್ಯಾಟರಿ ಮತ್ತು ನಡುವಿನ ತಂತಿ

ಚಾಮುಂಡಿ ಬೆಟ್ಟ ಇಳಿಯುವಾಗ ಲೈಟ್ ಆರಿಹೋಯಿತು. ಡಿಸೆಂಬರ್ ತಿಂಗಳು, ಬೆಳಗಿನ ಜಾವ ಐದೂಮುಕ್ಕಾಲು, ಇನ್ನೂ ಕತ್ತಲೆ. ಮುಂದೆಯೇ ತಿರುವು. ಎರಡೂ ಬ್ರೇಕ್ ಹಿಡಿದು ಹೇಗೋ ರಸ್ತೆ ಅಂಚಿಗೆ ನಿಂತೆ. ಉಳಿದ ದಾರಿಯನ್ನು ಮೊಬೈಲ್ ಬೆಳಕಿನಲ್ಲಿ ಸೈಕಲ್ ತಳ್ಳಿಕೊಂಡೇ ಇಳಿದೆ. ಎದೆ ಬಡಿತ ತುಂಬಾ ಹೊತ್ತು ಇಳಿಯಲಿಲ್ಲ.

ಹಿಂದಿನ ರಾತ್ರಿಯಷ್ಟೇ ಫುಲ್ ಚಾರ್ಜ್ ಮಾಡಿದ್ದೆ. ಚಾರ್ಜರ್ ದೀಪ ಹಸಿರಾಗಿತ್ತು. ಮತ್ತೆ ಯಾಕೆ ಮುಕ್ಕಾಲು ಗಂಟೆಯೂ ಬರಲಿಲ್ಲ?

ನಾಲ್ಕು ವರ್ಷದ ಹಳೆಯ ಲೈಟ್ ಅದು. ಬ್ಯಾಟರಿ ಬೇರೆ, ಸಣ್ಣ ಬಟ್ಟೆ ಚೀಲದಲ್ಲಿ ಫ್ರೇಮಿಗೆ ಕಟ್ಟುವುದು. ಒಳಗೆ ನಾಲ್ಕು 18650 ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಎರಡೆರಡು ಸೆಲ್ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿ ಒಂದು ಜೋಡಿ. ಆ ಎರಡು ಜೋಡಿ ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ. ಒಂದೊಂದು ಜೋಡಿ ಫುಲ್ ಆದಾಗ 4.2 ವೋಲ್ಟ್, ಒಟ್ಟು 8.4.

ಮನೆಗೆ ಬಂದು ಮತ್ತೆ ಚಾರ್ಜ್‌ಗೆ ಹಾಕಿದೆ. ಹಸಿರು ದೀಪ ಬಂದ ಮೇಲೆ ಪ್ಲಗ್‌ನಲ್ಲಿ ಅಳೆದರೆ 7.63 ವೋಲ್ಟ್. ಇಷ್ಟೇ ನೋಡಿದ್ದರೆ 'ಹಳೇ ಬ್ಯಾಟರಿ, ಆಯಸ್ಸು ಮುಗಿಯಿತು' ಅಂದುಕೊಂಡು ಎಸೆಯುತ್ತಿದ್ದೆ. ಆದರೆ ಪ್ಲಾಸ್ಟಿಕ್ ಸ್ಲೀವ್ ಕತ್ತರಿಸಿ ಜೋಡಿಗಳನ್ನು ಬೇರೆ ಬೇರೆಯಾಗಿ ಅಳೆದಾಗ ಸಂಗತಿ ತಿಳಿಯಿತು. ಒಂದು ಜೋಡಿ 4.22, ಇನ್ನೊಂದು 3.41.

ಸೆಲ್‌ಗಳ ಮೇಲೆ ಒಂದು ಸಣ್ಣ ಪ್ರೊಟೆಕ್ಷನ್ ಬೋರ್ಡ್ ಇರುತ್ತದೆ, ಬಿಎಂಎಸ್ ಅಂತಾರೆ. ಅದು ಎರಡೂ ಜೋಡಿಗಳನ್ನು ಪ್ರತ್ಯೇಕವಾಗಿ ಕಾಯುತ್ತದೆ. ಚಾರ್ಜ್ ಆಗುವಾಗ ಒಳ್ಳೆಯ ಜೋಡಿ ಮಿತಿ ಮುಟ್ಟಿದ ಕೂಡಲೇ ಬೋರ್ಡ್ ಕರೆಂಟ್ ಕತ್ತರಿಸುತ್ತದೆ. ಕರೆಂಟ್ ನಿಂತಿತಲ್ಲ, ಚಾರ್ಜರ್ ಹಸಿರು ತೋರಿಸುತ್ತದೆ. ಆದರೆ ಸೋತ ಜೋಡಿ ಇನ್ನೂ ಅರ್ಧವೂ ತುಂಬಿಲ್ಲ. ಸವಾರಿಗೆ ಹೋದಾಗ ಅದೇ ಜೋಡಿ ಮೊದಲು ಬರಿದಾಗುತ್ತದೆ. ಆಗಲೂ ಬೋರ್ಡ್ ಕತ್ತರಿಸುತ್ತದೆ. ಬೆಟ್ಟದಲ್ಲಿ ನನ್ನ ಲೈಟ್ ಆರಿಸಿದ್ದು ಅದೇ. ಬೋರ್ಡ್ ಎರಡು ಸಲವೂ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಜೋಡಿಗಳನ್ನು ಸಮ ಮಾಡುವ ಬ್ಯಾಲೆನ್ಸ್ ವ್ಯವಸ್ಥೆ ಮಾತ್ರ ಅದರಲ್ಲಿ ಇರಲಿಲ್ಲ.

ಸೋತ ಜೋಡಿಯ ನಿಕ್ಕಲ್ ಪಟ್ಟಿ ಕತ್ತರಿಸಿ ಎರಡು ಸೆಲ್ ಬೇರೆ ಮಾಡಿದೆ. ಒಂದರ ಮೈನಸ್ ಕಡೆ ಕಂದು ತುಕ್ಕು. ವೈರ್ ಹೊರಬರುವ ತೂತು ಮೇಲ್ಮುಖವಾಗಿತ್ತು. ಎಷ್ಟು ಮಳೆಗಾಲದ ನೀರು ಅಲ್ಲಿಂದ ಇಳಿದಿತ್ತೋ. ರಾತ್ರಿಯಿಡೀ ಎರಡನ್ನೂ ಸುಮ್ನೆ ಇಟ್ಟೆ. ಬೆಳಗ್ಗೆ ಒಂದು ಹಾಗೇ 3.41. ತುಕ್ಕಿನದು 3.12ಕ್ಕೆ ಇಳಿದಿತ್ತು. ಯಾವ ಲೋಡೂ ಇಲ್ಲದೆ ಅದರ ಚಾರ್ಜ್ ತಾನಾಗಿಯೇ ಸೋರುತ್ತಿತ್ತು. ಒಟ್ಟಿಗೆ ಕಟ್ಟಿದ್ದ ಒಳ್ಳೆಯ ಸೆಲ್ಲನ್ನೂ ಅದೇ ಇಷ್ಟು ದಿನ ಬರಿದು ಮಾಡುತ್ತಿತ್ತು.

ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡುವ ಹುಡುಗನೊಬ್ಬ ನನಗೆ ಪರಿಚಯ. "ಸಾರ್, ಮೂರು ಚೆನ್ನಾಗಿದೆಯಲ್ಲ, ಒಂದೇ ಬದಲಾಯಿಸಿದ್ರೆ ಸಾಕಲ್ವಾ?" ಅಂದ. ನಾನು ಒಪ್ಪಲಿಲ್ಲ. ನಾಲ್ಕು ವರ್ಷ ದುಡಿದ ಸೆಲ್ ಪಕ್ಕ ಹೊಸದನ್ನು ಕಟ್ಟಿದರೆ ಮತ್ತೆ ಅದೇ ಏರುಪೇರು. ನಾಲ್ಕನ್ನೂ ಹೊಸದು ಹಾಕುವುದೇ ಸರಿ.

ಮುಂದಿನ ವಾರ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ದೊಡ್ಡದಾಗಿ ಬರೆದ ಸೆಲ್‌ಗಳನ್ನೂ ಮಾರುತ್ತಿದ್ದರು. ದಯವಿಟ್ಟು ಅವನ್ನು ಕೊಳ್ಳಬೇಡಿ. ಈ ಅಳತೆಯ ಸೆಲ್‌ನಲ್ಲಿ 3500ರ ಆಸುಪಾಸು ಸಿಕ್ಕರೆ ಅದೇ ಜಾಸ್ತಿ. ಒಳ್ಳೆಯ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ. ಹಗುರ ಅನ್ನಿಸಿದರೆ ಬಿಟ್ಟುಬಿಡಿ. ನಾನು ತಂದದ್ದು 2600ರವು, ನಾಲ್ಕೂ ಒಂದೇ ಬ್ಯಾಚ್. ಜೊತೆಗೆ ಬ್ಯಾಲೆನ್ಸ್ ಇರುವ, ಎರಡು ಜೋಡಿಗೆ ಆಗುವ ಬೋರ್ಡ್, 20 ಗೇಜ್ ಸಿಲಿಕಾನ್ ವೈರ್, ಸೆಲ್ಲಿನ ಪ್ಲಸ್ ತುದಿಗೆ ಅಂಟಿಸುವ ಕಾಗದದ ಉಂಗುರ.

ಆ ಉಂಗುರಕ್ಕೆ ಎರಡು ರೂಪಾಯಿಯೂ ಇಲ್ಲ, ಆದರೆ ಅದನ್ನು ಬಿಡಲೇಬಾರದು. ಸೆಲ್ಲಿನ ಲೋಹದ ಡಬ್ಬಿ ಪೂರ್ತಿ ಮೈನಸ್. ಪ್ಲಸ್ ಗುಂಡಿಯ ಸುತ್ತಲಿನ ಅಂಚೂ ಮೈನಸ್ಸೇ. ಆ ಅಂಚಿಗೂ ಪ್ಲಸ್ ಗುಂಡಿಗೆ ಬೆಸೆಯುವ ಪಟ್ಟಿಗೂ ಮಧ್ಯೆ ಇರುವುದು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ ಅಷ್ಟೇ. ಸೈಕಲ್ ಕುಲುಕಾಟಕ್ಕೆ ನಿಕ್ಕಲ್ ಪಟ್ಟಿ ಅದನ್ನು ಸವೆಸಿದರೆ ನೇರ ಶಾರ್ಟ್, ಬೆಂಕಿ.

ಸೆಲ್ ಮೇಲೆ ನೇರವಾಗಿ ಸೋಲ್ಡರ್ ಮಾಡಲು ಹೋಗಬೇಡಿ. ಆ ಬಿಸಿ ಒಳಗಿನ ಸೀಲ್, ಪದರ ಎಲ್ಲ ಹಾಳು ಮಾಡುತ್ತದೆ. ನಾನು ಉಂಗುರ ಅಂಟಿಸಿ, ನಾಲ್ಕೂ ಸೆಲ್ ಅಳೆದು ನೋಡಿ (3.57, 3.57, 3.56, 3.57) ಅದೇ ಹುಡುಗನ ಹತ್ತಿರ ಸ್ಪಾಟ್ ವೆಲ್ಡ್ (ನಿಕ್ಕಲ್ ಪಟ್ಟಿಯನ್ನು ಸೆಲ್ಲಿಗೆ ಕ್ಷಣಮಾತ್ರದಲ್ಲಿ ಬೆಸೆಯುವುದು) ಮಾಡಿಸಿದೆ. ಪ್ಯಾರಲಲ್ ಕಟ್ಟುವ ಮೊದಲು ವೋಲ್ಟೇಜ್ ಒಂದೇ ಇರಬೇಕು. ಇಲ್ಲದಿದ್ದರೆ ತಾಗಿಸಿದ ಕ್ಷಣ ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಜೋರಾಗಿ ಕರೆಂಟ್ ನುಗ್ಗುತ್ತದೆ. ಪಟ್ಟಿಯ ತುದಿಗಳನ್ನು ಒಂದು ಸೆಂಟಿಮೀಟರ್ ಹೊರಗೆ ಚಾಚಿ ಬಿಡಲು ಹೇಳಿದ್ದೆ. ಮನೆಯಲ್ಲಿ ಆ ತುದಿಗಳಿಗೆ ವೈರ್ ಸೋಲ್ಡರ್ ಮಾಡಿದೆ.

ಆ ಕೆಲಸ ಬಾಲ್ಕನಿಯಲ್ಲಿ, ಪಕ್ಕದಲ್ಲಿ ಮರಳು ತುಂಬಿದ ಬಕೆಟ್ ಇಟ್ಟುಕೊಂಡು. ಬೆರಳಿನ ಉಂಗುರ, ವಾಚು ಬಿಚ್ಚಿಟ್ಟೆ. ಕಣ್ಣಿಗೆ ಕನ್ನಡಕ. ಹಳೆಯ ಬೋರ್ಡ್ ತೆಗೆಯುವಾಗ ಒಂದು ಸಲಕ್ಕೆ ಒಂದೇ ವೈರ್ ಕತ್ತರಿಸಿ, ತುದಿಗೆ ತಕ್ಷಣ ಟೇಪ್ ಸುತ್ತಿದ್ದೆ. ಕೆಂಪು, ಕಪ್ಪು ಎರಡನ್ನೂ ಒಟ್ಟಿಗೆ ಕಟರ್ ಬಾಯಿಗೆ ಕೊಟ್ಟರೆ ಆ ಕಟರೇ ಶಾರ್ಟ್ ಮಾಡುತ್ತದೆ.

ಹೊಸ ಬೋರ್ಡಿಗೆ ಮೊದಲು ಮೈನಸ್, ಆಮೇಲೆ ಎರಡು ಜೋಡಿ ಸೇರುವ ನಡುವಿನ ತಂತಿ, ಕೊನೆಗೆ ಪ್ಲಸ್. ಜೋಡಿಸಿ ಅಳೆದರೆ ಔಟ್‌ಪುಟ್‌ನಲ್ಲಿ ಏನೂ ಇಲ್ಲ, ಸೊನ್ನೆ. ಒಂದು ಕ್ಷಣ ಗಾಬರಿಯಾಯಿತು. ಇಂಥ ಬೋರ್ಡ್‌ಗಳು ಎಷ್ಟೋ ಸಲ ನಿದ್ದೆಯಲ್ಲಿರುತ್ತವೆ, ಚಾರ್ಜರ್ ತಾಗಿಸಿದರೆ ಎದ್ದೇಳುತ್ತವೆ. ತಾಗಿಸಿದೆ, 7.14 ಬಂತು. ಲೈಟಿನ ಪ್ಲಗ್‌ನಲ್ಲಿ ಒಳಗಿನ ಪಿನ್ ಪ್ಲಸ್ ಹೌದೋ ಅಲ್ಲವೋ ಅಂತ ಎರಡು ಸಲ ನೋಡಿದ ಮೇಲೆಯೇ ಲೈಟಿಗೆ ಹಾಕಿದೆ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬೆಟ್ಟದ ಆ ತಿರುವು ಇನ್ನೂ ಕಣ್ಣ ಮುಂದೆ ಇತ್ತು. ಜೋಡಿಗಳ ಅಂತರ ಹೆಚ್ಚುತ್ತಾ ಹೋದದ್ದು ಒಂದೇ ದಿನದಲ್ಲಿ ಅಲ್ಲ, ತಿಂಗಳುಗಟ್ಟಲೆ. ಅಳೆಯಲು ದಾರಿ ಇದ್ದಿದ್ದರೆ ಯಾವಾಗಲೋ ಗೊತ್ತಾಗುತ್ತಿತ್ತು. ಅದಕ್ಕೇ ಪ್ಯಾಕಿನ ಮೈನಸ್, ನಡು, ಪ್ಲಸ್ ಮೂರರಿಂದಲೂ ಸಣ್ಣ ವೈರ್ ತೆಗೆದು ಮೂರು ಪಿನ್ನಿನ ಕನೆಕ್ಟರ್‌ಗೆ ಹಾಕಿ ಹೊರಗೆ ತಂದೆ. ಈ ವೈರ್‌ಗಳಿಗೆ ಬೋರ್ಡಿನ ಕಾವಲು ಇಲ್ಲ. ಹಾಗಾಗಿ ಒಂದೊಂದಕ್ಕೂ ಪಟ್ಟಿಯ ಬುಡದಲ್ಲೇ ಕರೆಂಟಿಗೆ ತಡೆಯೊಡ್ಡುವ ಒಂದು ಕಿಲೋ ಓಮ್ ರೆಸಿಸ್ಟರ್ ಸೇರಿಸಿದೆ. ಹೊರಗೆ ಪಿನ್‌ಗಳು ಒಂದಕ್ಕೊಂದು ತಾಗಿದರೂ ಹರಿಯುವುದು ನಾಲ್ಕೈದು ಮಿಲಿ ಆಂಪಿಯರ್ ಮಾತ್ರ. ಮಲ್ಟಿಮೀಟರ್ ಅಳತೆಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಈ ಮೂರು ವೈರ್.

ಆಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ದಪ್ಪ ಹೀಟ್ ಶ್ರಿಂಕ್ ಸ್ಲೀವ್. ವೈರ್ ಹೊರಬರುವ ಜಾಗಕ್ಕೆ ಸಿಲಿಕಾನ್ ಸೀಲಂಟ್. ಇಲ್ಲೊಂದು ಮಾತು: ವಿನಿಗರ್ ವಾಸನೆ ಬರುವ ಬಾತ್‌ರೂಮ್ ಸಿಲಿಕಾನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನ್ ಸಿಗುತ್ತದೆ. ಪ್ಯಾಕನ್ನು ಈಗ ತಲೆಕೆಳಗಾಗಿ ಕಟ್ಟುತ್ತೇನೆ, ವೈರ್ ಕೆಳಮುಖ. ಲೈಟಿನ ಕಡೆ ಏರುವ ಮೊದಲು ವೈರ್ ಒಂದು ಸಣ್ಣ ಬಳುಕು ಹೊಡೆಯುತ್ತದೆ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮೊದಲ ಫುಲ್ ಚಾರ್ಜ್ ಹೊತ್ತಿಗೆ ಪಕ್ಕದಲ್ಲೇ ಕೂತಿದ್ದೆ, ಕೈಯಿಟ್ಟು ಬಿಸಿ ನೋಡುತ್ತಾ. ಬಿಸಿಯೇ ಆಗಲಿಲ್ಲ. ಕೊನೆಗೆ 4.19, 4.19. ಲೈಟನ್ನು ಮಧ್ಯಮ ಬೆಳಕಿನಲ್ಲಿಟ್ಟು, ಫ್ಯಾನ್ ಮುಂದೆ ನಿಲ್ಲಿಸಿ, ಆರುವ ತನಕ ಬಿಟ್ಟೆ. 4 ಗಂಟೆ 40 ನಿಮಿಷ ಉರಿಯಿತು.

ಹತ್ತು ತಿಂಗಳಾಯಿತು. ತಿಂಗಳಿಗೊಮ್ಮೆ ಮೂರು ಪಿನ್ ಮುಚ್ಚಳ ತೆಗೆದು ಅಳೆದು, ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಹೋದ ಭಾನುವಾರದ್ದು 4.18, 4.17. ಹಳೆಯ ನಾಲ್ಕು ಸೆಲ್‌ಗಳ ತುದಿಗೆ ಟೇಪ್ ಸುತ್ತಿ ಮರಳಿನ ಡಬ್ಬಿಯಲ್ಲಿ ಇಟ್ಟಿದ್ದೆ. ಅವನ್ನು ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಟ್ಟೆ.