ಗೋಧಿ ಮೊಳಕೆಗೆ ಬಿಸಿ ತಾಳುವುದನ್ನು ಕಲಿಸಿ ನೋಡಿ

ಬಿಸಿಲು ಜಾಸ್ತಿಯಾದರೆ ನಾವು ನೆರಳಿಗೆ ಹೋಗುತ್ತೇವೆ. ಗೋಧಿ ಗಿಡ ನಿಂತಲ್ಲೇ ದಾರಿ ಹುಡುಕಬೇಕು. ಆ ದಾರಿ ಏನೆಂದು ಮನೆಯಲ್ಲೇ ನೋಡಬಹುದು. ಬೇಕಾದ್ದು ಒಂದು ಹಿಡಿ ಗೋಧಿ, ಬಿಸಿನೀರು, ಥರ್ಮಾಮೀಟರ್. ಜ್ವರ ನೋಡುವುದು ಬೇಡ, ಅದರ ಅಳತೆ 42–43 ಡಿಗ್ರಿಗೇ ಮುಗಿಯುತ್ತದೆ.

ಮೊದಲು ಗೋಧಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಎರಡು ಮೂರು ದಿನಕ್ಕೆ ಮೊಳಕೆ ಬರುತ್ತದೆ. ಹೆಚ್ಚುಕಡಿಮೆ ಒಂದೇ ಉದ್ದದ ಮೊಳಕೆಗಳನ್ನು ಆರಿಸಿ, ತಲಾ 20ರಂತೆ ಮೂರು ಪಾಲು ಮಾಡಿ. ಒದ್ದೆ ಕಾಗದದಲ್ಲಿ ಸುತ್ತಿ ಮೂರು ಜಿಪ್ ಕವರ್‌ಗಳಿಗೆ ಹಾಕಿ, ಗುರುತು ಬರೆಯಿರಿ. ಈ ಗುರುತನ್ನು ಮರೆತರೆ ಎಲ್ಲಾ ಮೊದಲಿನಿಂದ!

ಒಂದನೇ ಕವರ್ ಸುಮ್ನೆ ಇರಲಿ. ಎರಡನೆಯದನ್ನು ಮಾತ್ರ 37 ಡಿಗ್ರಿ ನೀರಿನಲ್ಲಿ ಎರಡು ಗಂಟೆ ಇಡಿ. ನೀರು ಆರುತ್ತಾ ಬಂದಂತೆ ಬಿಸಿನೀರು ಸೇರಿಸುತ್ತಿರಬೇಕು.

ನೋಡುವುದಕ್ಕೆ ಏನೂ ಆಗುವುದಿಲ್ಲ. ಆದರೆ ಒಳಗೆ ಗಡಿಬಿಡಿ ಶುರುವಾಗಿರುತ್ತದೆ. ಬಿಸಿಗೆ ಜೀವಕೋಶದ ಪೊರೆ ಸಡಿಲವಾಗಿ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೆಲವು ಪ್ರೋಟೀನ್‌ಗಳ ಮಡಿಕೆ ಬಿಚ್ಚತೊಡಗುತ್ತದೆ. ಎಚ್‌ಎಸ್‌ಪಿ 70, ಎಚ್‌ಎಸ್‌ಪಿ 90 ಎಂಬ ಕಾವಲು ಪ್ರೋಟೀನ್‌ಗಳು ತಂಪು ಹೊತ್ತಿನಲ್ಲಿ ‘ಹೀಟ್ ಶಾಕ್ ಫ್ಯಾಕ್ಟರ್’ ಎನ್ನುವ ಇನ್ನೊಂದನ್ನು ಹಿಡಿದಿಟ್ಟುಕೊಂಡಿರುತ್ತವೆ. ಈಗ ಅವು ಬಿಚ್ಚಿದವನ್ನು ಸಂಭಾಳಿಸಲು ಓಡುತ್ತವೆ. ಬಿಡುಗಡೆಯಾದ ಫ್ಯಾಕ್ಟರ್‌ಗಳು ಮೂರು ಮೂರಾಗಿ ಕೂಡಿಕೊಂಡು ಡಿಎನ್‌ಎ ಮೇಲೆ ಕೂತು, ಕಾವಲು ಪ್ರೋಟೀನ್ ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತವೆ. ಕಾವಲುಗಾರರ ಕೊರತೆಯೇ ಹೊಸ ಕಾವಲುಗಾರರನ್ನು ಕರೆಸುತ್ತದೆ! ಬಿಸಿ ತಗುಲಿದರೆ ಜೀನ್‌ಗಳು ಎಚ್ಚರಗೊಳ್ಳುತ್ತವೆ ಎಂಬುದು ಮೊದಲು ಗೊತ್ತಾದದ್ದು ಹಣ್ಣಿನ ನೊಣದಲ್ಲಿ. 1962ರಲ್ಲಿ ಅದನ್ನು ಪ್ರಕಟಿಸಿದವರು ಇಟಲಿಯ ಫೆರುಚಿಯೊ ರಿಟೊಸ್ಸಾ.

ಈಗ ಎರಡನೇ ಕವರನ್ನು ಹೊರತೆಗೆದು ಎರಡು ಗಂಟೆ ತಂಪಿನಲ್ಲಿ ಬಿಡಿ. ಆಮೇಲೆ ಎರಡು ಮತ್ತು ಮೂರನೇ ಕವರ್‌ಗಳನ್ನು ಒಟ್ಟಿಗೆ 50 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ. ಈ ಬಿಸಿಗೆ ಪ್ರೋಟೀನ್‌ಗಳು ಬೆಂದ ಮೊಟ್ಟೆಯ ಬಿಳಿಯಂತೆ ಗಂಟುಕಟ್ಟುತ್ತವೆ. ಎಚ್‌ಎಸ್‌ಪಿ 101 ಆ ಗಂಟಿನಿಂದ ಒಂದೊಂದೇ ಎಳೆ ಜಗ್ಗಿ ಬಿಡಿಸುತ್ತದೆ, ಎಚ್‌ಎಸ್‌ಪಿ 70 ಮತ್ತೆ ಮಡಿಸಲು ನೆರವಾಗುತ್ತದೆ. ಎರಡನೇ ಪಾಲಿನಲ್ಲಿ ಇವು ಆಗಲೇ ಸಿದ್ಧವಾಗಿವೆ. ಮೂರನೆಯದರಲ್ಲಿ ತಯಾರಿಗೆ ಸಮಯವೇ ಸಿಗಲಿಲ್ಲ, ಅಲ್ವಾ?

ಮೂರನ್ನೂ ಬಿಚ್ಚಿ, ಒದ್ದೆ ಬಟ್ಟೆಯ ಮೇಲೆ ಹರಡಿ. ನಾಲ್ಕು ದಿನ ಬಿಟ್ಟು ಸ್ಕೇಲಿನಲ್ಲಿ ಅಳೆಯಿರಿ. ಒಂದನೆಯದು ಮುಂದಿರುತ್ತದೆ. ಎರಡನೆಯದು ಕುಂಟುತ್ತಾದರೂ ಬೆಳೆಯಬೇಕು, ಮೂರನೆಯದು ತೀರಾ ಹಿಂದೆ ಬೀಳಬೇಕು. ಎರಡೂ ಸತ್ತರೆ ಬಿಸಿ ಅತಿಯಾಯಿತು, ಮುಂದಿನ ಸಲ 15 ನಿಮಿಷ ಕಡಿಮೆ ಮಾಡಿ. ಎರಡೂ ಚೆನ್ನಾಗಿದ್ದರೆ 15 ನಿಮಿಷ ಹೆಚ್ಚಿಸಿ. ತಳಿಯಿಂದ ತಳಿಗೆ ಲೆಕ್ಕ ಬದಲಾಗುತ್ತದೆ.

ಮೊಳಕೆಯಲ್ಲಿ ಕಂಡದ್ದನ್ನು ತೆನೆಗೂ ಹಾಗೇ ಅನ್ವಯಿಸಬೇಡಿ. ಕಾಳು ತುಂಬುವ ಹೊತ್ತಿನಲ್ಲಿ ಪಿಷ್ಟ ಕಟ್ಟುವ ಕಿಣ್ವವೇ ಬಿಸಿಗೆ ಸೋಲುತ್ತದೆ. ಆಗ ಗಿಡ ಬದುಕಿದರೂ ಕಾಳು ಜೊಳ್ಳಾಗಬಹುದು.