ಪೋರ್ಟಬಲ್ ಮಾನಿಟರ್ ಕೊಳ್ಳುವ ಮುನ್ನ ನೋಡಬೇಕಾದದ್ದು

ಲ್ಯಾಪ್‌ಟಾಪಿನ ಜೊತೆಗೆ ಚೀಲದಲ್ಲಿ ಒಯ್ಯಬಹುದಾದ ಎರಡನೆಯ ಪರದೆ, ಅಂದರೆ ಪೋರ್ಟಬಲ್ ಮಾನಿಟರ್, ಈಗ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಸಿಗುತ್ತದೆ. ವಾರದ ಕೆಲವು ದಿನ ಬೆಂಗಳೂರಿನ ಕಚೇರಿಯಲ್ಲಿ, ಉಳಿದ ದಿನ ಶಿವಮೊಗ್ಗದಲ್ಲೋ ಶಿರಸಿಯಲ್ಲೋ ಊರಮನೆಯಲ್ಲಿ ಕುಳಿತು ಕೆಲಸ ಮಾಡುವವರು ಇದರ ಬಗ್ಗೆ ಆಗಾಗ ವಿಚಾರಿಸುತ್ತಾರೆ. ಜಾಹೀರಾತುಗಳು ಪರದೆಯ ಬಣ್ಣವನ್ನೂ ತೆಳುವನ್ನೂ ಹೊಗಳುತ್ತವೆ. ಆದರೆ ಕೊಂಡ ವಸ್ತು ದಿನವೂ ಬಳಕೆಯಾಗುತ್ತದೆಯೋ ಕಪಾಟು ಸೇರುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎರಡೇ ಸಂಗತಿಗಳು: ನೀವು ಅದನ್ನು ನಿಜವಾಗಿ ಎಷ್ಟು ಕಡೆಗೆ ಹೊತ್ತೊಯ್ಯುತ್ತೀರಿ ಮತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂಥ ಪೋರ್ಟ್ ಇದೆ.

ಮೊದಲನೆಯದನ್ನು ನಿಷ್ಠುರವಾಗಿ ಲೆಕ್ಕ ಹಾಕಬೇಕು. ಮನೆ ಮತ್ತು ಕಚೇರಿ ಎಂಬ ಎರಡೇ ಜಾಗಗಳಲ್ಲಿ ಕೆಲಸ ಮಾಡುವವರಿಗೆ, ಕಚೇರಿಯಲ್ಲಿ ಹೇಗೂ ಮಾನಿಟರ್ ಇದ್ದರೆ, ಮನೆಯ ಮೇಜಿಗೆ 24 ಇಂಚಿನ ಸಾಮಾನ್ಯ ಮಾನಿಟರ್ ಕೊಳ್ಳುವುದೇ ಲೇಸು. ಹೆಚ್ಚುಕಡಿಮೆ ಅದೇ ಬೆಲೆಗೆ ಎರಡು ಪಟ್ಟಿಗೂ ಮಿಕ್ಕಿದ ವಿಸ್ತಾರದ ಪರದೆ, ಗಟ್ಟಿಯಾದ ನಿಲುವು ಮತ್ತು ಹೆಚ್ಚು ವರ್ಷದ ಬಾಳಿಕೆ ಸಿಗುತ್ತವೆ. ತಿಂಗಳಿಗೆ ಹಲವು ಬಾರಿ ಊರೂರು ಸುತ್ತುವವರು, ಗ್ರಾಹಕರ ಕಚೇರಿಗಳಲ್ಲಿ ಕುಳಿತು ಲೆಕ್ಕಪತ್ರ ತಪಾಸಣೆ ಮಾಡುವವರು, ಪಿಜಿಯ ಹಂಚಿಕೊಂಡ ಕೋಣೆಯಲ್ಲಿ ಸ್ವಂತ ಮೇಜೇ ಇಲ್ಲದವರು: ಪೋರ್ಟಬಲ್ ಮಾನಿಟರಿನ ನಿಜವಾದ ಬಳಕೆದಾರರು ಇವರು. ನಿಮ್ಮಲ್ಲಿ ಈಗಾಗಲೇ ಐಪ್ಯಾಡ್ ಮತ್ತು ಮ್ಯಾಕ್ ಎರಡೂ ಇದ್ದರೆ ಆಪಲ್ 2019ರಲ್ಲಿ ತಂದ ಸೈಡ್‌ಕಾರ್ ಸೌಲಭ್ಯದಿಂದ ಐಪ್ಯಾಡನ್ನೇ ಎರಡನೆಯ ಪರದೆಯಾಗಿ ಬಳಸಬಹುದು. ಕೆಲವು ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲೂ ವಿಂಡೋಸ್ ಕಂಪ್ಯೂಟರಿಗೆ ಇಂಥದೇ ವ್ಯವಸ್ಥೆ ಇದೆ. ಒಂದೆರಡು ವಾರ ಅದರಲ್ಲಿ ಕೆಲಸ ಮಾಡಿ ನೋಡಿದರೆ ಎರಡನೆಯ ಪರದೆ ನಿಮಗೆ ಬೇಕೇ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಬೇಕೆಂದು ಖಚಿತವಾದ ಮೇಲೆ ಮಾನಿಟರಿನ ಪಟ್ಟಿಗಳನ್ನು ತೆರೆಯುವ ಮೊದಲು ನಿಮ್ಮ ಲ್ಯಾಪ್‌ಟಾಪನ್ನು ಪರೀಕ್ಷಿಸಿ. ಪೋರ್ಟಬಲ್ ಮಾನಿಟರಿನ ದೊಡ್ಡ ಅನುಕೂಲವೆಂದರೆ ಚಿತ್ರವನ್ನೂ ವಿದ್ಯುತ್ತನ್ನೂ ಒಂದೇ ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ಪಡೆಯುವುದು. ಆದರೆ ಅಂಡಾಕಾರದ ಆ ಪೋರ್ಟ್ ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಹೊರಬರುತ್ತದೆ ಎಂದಲ್ಲ. ಅದಕ್ಕೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯವಿರಬೇಕು. ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ಪೋರ್ಟ್ ದತ್ತಾಂಶಕ್ಕೆ ಮಾತ್ರ ಮೀಸಲಾಗಿರುತ್ತದೆ. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಗುರುತಿದ್ದು ಅದು ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿಯದೇ ಆಕಾರದ, ಹೆಚ್ಚು ವೇಗದ ಪೋರ್ಟ್) ಆಗಿದ್ದರೆ, ಅಥವಾ ಡಿ ಮತ್ತು ಪಿ ಅಕ್ಷರಗಳು ಬೆಸೆದುಕೊಂಡ ಗುರುತಿದ್ದರೆ, ಚಿತ್ರ ಬರುತ್ತದೆ. ಯಾವ ಗುರುತೂ ಇಲ್ಲದಿದ್ದರೆ ಲ್ಯಾಪ್‌ಟಾಪಿನ ತಳದಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ಜಾಲತಾಣದ ವಿವರಪಟ್ಟಿಯಲ್ಲಿ ಯುಎಸ್‌ಬಿ-ಸಿ ಎಂಬ ಸಾಲಿನ ಮುಂದೆ ಡಿಸ್‌ಪ್ಲೇಪೋರ್ಟ್ ಎಂಬ ಮಾತಿದೆಯೇ ಎಂದು ನೋಡಬೇಕು. ಸರಣಿಯ ಹೆಸರಷ್ಟನ್ನೇ ನಂಬಬಾರದು, ಏಕೆಂದರೆ ಒಂದೇ ಸರಣಿಯ ಎರಡು ಮಾದರಿಗಳಲ್ಲಿ ಪೋರ್ಟ್ ಬೇರೆಬೇರೆಯಾಗಿರುವುದುಂಟು.

ಕೇಬಲ್ಲಿನಲ್ಲೂ ಇದೇ ತೊಡಕಿದೆ. ಫೋನಿನ ಜೊತೆ ಬರುವ ಯುಎಸ್‌ಬಿ-ಸಿ ಚಾರ್ಜಿಂಗ್ ಕೇಬಲ್ ಸಾಮಾನ್ಯವಾಗಿ ಯುಎಸ್‌ಬಿ 2.0 ದರ್ಜೆಯದು, ಚಿತ್ರಕ್ಕೆ ಬೇಕಾದ ವೇಗದ ತಂತಿಗಳು ಅದರೊಳಗೆ ಇರುವುದೇ ಇಲ್ಲ. ಆದ್ದರಿಂದ ಮಾನಿಟರಿನ ಜೊತೆಗೆ ಕೊಟ್ಟ ಕೇಬಲ್ಲನ್ನು ಬೇರೆ ಕೇಬಲ್‌ಗಳೊಡನೆ ಕಲಸದಂತೆ ಗುರುತು ಹಾಕಿಡುವುದು ಒಳ್ಳೆಯದು.

ಹಳೆಯ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಮಾನಿಟರ್ ಕೆಲಸ ಮಾಡುತ್ತದೆ, ಆದರೆ ಎಚ್‌ಡಿಎಂಐ ಅದಕ್ಕೆ ಬೇಕಾದ ವಿದ್ಯುತ್ತನ್ನು ಕೊಡಲಾರದು. ವಿದ್ಯುತ್ತಿಗೆ ಪ್ರತ್ಯೇಕ ತಂತಿ ಬೇಕು. ಅದನ್ನು ಲ್ಯಾಪ್‌ಟಾಪಿನ ಹಳೆಯ ಆಯತಾಕಾರದ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕೂವರೆ ವ್ಯಾಟ್ ಮಾತ್ರ ಸಿಗುತ್ತದೆ, 15.6 ಇಂಚಿನ ಪರದೆಗೆ ಅದು ಸಾಲದೆ ಚಿತ್ರ ಮಿನುಗುತ್ತದೆ ಅಥವಾ ಆರುತ್ತದೆ. ಆಗ ಗೋಡೆಯ ಚಾರ್ಜರ್ ಅಥವಾ ಪವರ್ ಬ್ಯಾಂಕ್ ಅನಿವಾರ್ಯ. ಮಾನಿಟರಿನ ಕಡೆ ಇರುವುದು ಹೆಚ್ಚಾಗಿ ಮಿನಿ ಎಚ್‌ಡಿಎಂಐ ಆದ್ದರಿಂದ ಮನೆಯಲ್ಲಿರುವ ಟಿವಿಯ ಕೇಬಲ್ ಹೊಂದುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದ ಅಡಾಪ್ಟರ್‌ಗಳು ಸಾಮಾನ್ಯ ಯುಎಸ್‌ಬಿ ಪೋರ್ಟಿನಿಂದಲೂ ಚಿತ್ರ ಕೊಡುತ್ತವೆ. ಅವುಗಳಿಗೆ ಡ್ರೈವರ್ ಎಂಬ ತಂತ್ರಾಂಶ ಬೇಕು, ಮತ್ತು ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅದನ್ನು ಅಳವಡಿಸಲು ಅನುಮತಿ ಸಿಗದೇ ಇರಬಹುದು. ಎಂ1 ಅಥವಾ ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ನೇರವಾಗಿ ಒಂದೇ ಹೊರಪರದೆಯನ್ನು ನಡೆಸಬಲ್ಲದು; ಮೇಜಿನ ಮೇಲೆ ಈಗಾಗಲೇ ಒಂದು ಮಾನಿಟರ್ ಜೋಡಿಸಿದ್ದರೆ ಪೋರ್ಟಬಲ್ ಅದರ ಜೊತೆಗೆ ಸೇರುವುದಿಲ್ಲ. ಫೋನಿಗೆ ಜೋಡಿಸುವ ಆಸೆಯಿದ್ದವರು ಇನ್ನೂ ಎಚ್ಚರವಾಗಿರಬೇಕು. 2023ರ ಐಫೋನ್ 15 ಸರಣಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯ ಮಾದರಿಗಳು ಚಿತ್ರವನ್ನು ಹೊರಕೊಡುತ್ತವೆ, ಆದರೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಹುತೇಕವು ಕೊಡುವುದಿಲ್ಲ.

ಊರಿನಲ್ಲಿ ಕೆಲಸ ಮಾಡುವವರಿಗೆ ವಿದ್ಯುತ್ತಿನ ಲೆಕ್ಕ ಬಹಳ ಮುಖ್ಯ. ಇಂಥ ಮಾನಿಟರ್ ಹೊಳಪಿಗೆ ತಕ್ಕಂತೆ ಸುಮಾರು 5ರಿಂದ 15 ವ್ಯಾಟ್ ಎಳೆಯುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಬ್ಯಾಟರಿ 50 ವ್ಯಾಟ್-ಗಂಟೆಯದಾಗಿದ್ದು, ಸಾಧಾರಣ ಕೆಲಸಕ್ಕೆ ಗಂಟೆಗೆ 10 ವ್ಯಾಟ್-ಗಂಟೆ ಬಳಸುತ್ತದೆ ಎಂದಿಟ್ಟುಕೊಳ್ಳಿ. ಐದು ಗಂಟೆ ಬರಬೇಕಾದದ್ದು 8 ವ್ಯಾಟಿನ ಮಾನಿಟರ್ ಸೇರಿದೊಡನೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಅಂಥ ಕಡೆ ಎರಡನೆಯ ಪರದೆಯನ್ನು ಮೊದಲು ಆಫ್ ಮಾಡಬೇಕಾಗುತ್ತದೆ. ಕರೆಂಟು ಇರುವಷ್ಟು ಹೊತ್ತೂ ಲ್ಯಾಪ್‌ಟಾಪಿನ ಬ್ಯಾಟರಿ ತುಂಬುತ್ತಿರಲೆಂದು, ಎರಡು ಯುಎಸ್‌ಬಿ-ಸಿ ಪೋರ್ಟ್ ಇದ್ದು, ಒಂದಕ್ಕೆ ಚಾರ್ಜರ್ ಜೋಡಿಸಿದರೆ ಮತ್ತೊಂದರ ಮೂಲಕ ಲ್ಯಾಪ್‌ಟಾಪಿಗೂ ವಿದ್ಯುತ್ತನ್ನು ದಾಟಿಸುವ ಮಾನಿಟರನ್ನೇ ನಾನು ಶಿಫಾರಸು ಮಾಡುತ್ತೇನೆ. ಅದು ಎಷ್ಟು ವ್ಯಾಟ್ ದಾಟಿಸುತ್ತದೆ ಎಂಬುದನ್ನು ನಿಮ್ಮ ಚಾರ್ಜರಿನ ವ್ಯಾಟಿಗೆ ಹೋಲಿಸಿ ನೋಡಿ. ಮಾನಿಟರ್ ತನ್ನ ಪಾಲನ್ನು ಮೊದಲು ತೆಗೆದುಕೊಳ್ಳುವುದರಿಂದ ಲ್ಯಾಪ್‌ಟಾಪಿಗೆ ಸ್ವಲ್ಪ ಕಡಿಮೆಯೇ ತಲುಪುತ್ತದೆ.

ಇನ್ನು ಪರದೆ. 15.6 ಇಂಚಿಗೆ 1920×1080 ಬಿಂದುಗಳು (ಪಿಕ್ಸೆಲ್) ಸಾಕು. ಪ್ರತಿ ಇಂಚಿಗೆ 141 ಬಿಂದುಗಳಾಗುತ್ತವೆ. 24 ಇಂಚಿನ ಮಾನಿಟರಿನಲ್ಲಿ ಅಷ್ಟೇ ಬಿಂದುಗಳು ಇಂಚಿಗೆ 92 ಆಗುವುದರಿಂದ, ಗಾತ್ರ ಹೊಂದಿಸದೆ ಬಿಟ್ಟರೆ ಪೋರ್ಟಬಲ್ಲಿನಲ್ಲಿ ಅಕ್ಷರಗಳು ಅದರ ಮೂರನೆಯ ಎರಡರಷ್ಟು ಎತ್ತರಕ್ಕೆ ಕುಗ್ಗುತ್ತವೆ. ಇಂಗ್ಲಿಷ್ ಹೇಗೋ ಓದಬಹುದು, ಆದರೆ ಕನ್ನಡದ ಒತ್ತಕ್ಷರಗಳಿಗೆ ಇದು ಕಷ್ಟ. ರಾಷ್ಟ್ರ, ಸ್ತ್ರೀ, ಜ್ಯೋತ್ಸ್ನಾ ಎಂಬಂಥ ಪದಗಳಿರುವ ಪುಟವನ್ನು ನೀವು ದಿನವೂ ಬಳಸುವ ಫಾಂಟಿನಲ್ಲಿ ತೆರೆದು, ಗಾತ್ರವನ್ನು 125 ಮತ್ತು 150 ಶೇಕಡಾಕ್ಕೆ ಏರಿಸಿ, ಕೆಳಗಿನ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ಎಂದು ಪರೀಕ್ಷಿಸಿ. ಕನ್ನಡದಲ್ಲಿ ಬರೆಯುವ, ಕರಡು ತಿದ್ದುವ ಕೆಲಸದವರಿಗೆ 16 ಇಂಚಿನ 2560×1600ರ ಪರದೆಗೆ ಹೆಚ್ಚು ಹಣ ಕೊಡುವುದು ಸಾರ್ಥಕ. ಅದರಲ್ಲಿ ಇಂಚಿಗೆ ಸುಮಾರು 189 ಬಿಂದುಗಳಿವೆ.

ವಿವರಪಟ್ಟಿಯಲ್ಲಿ "4ಕೆ ಬೆಂಬಲ" ಎಂದಿದ್ದರೆ ಮೋಸಹೋಗಬೇಡಿ. ಆ ಮಾನಿಟರ್ ಹೆಚ್ಚು ಬಿಂದುಗಳ 4ಕೆ ಚಿತ್ರವನ್ನು ಸ್ವೀಕರಿಸಿ ಕುಗ್ಗಿಸಿ ತೋರಿಸುತ್ತದೆ ಎಂದಷ್ಟೇ ಅದರ ಅರ್ಥವಾಗಿರಬಹುದು. ಕೇಳಬೇಕಾದದ್ದು ನೇಟಿವ್ ರೆಸಲ್ಯೂಶನ್, ಅಂದರೆ ಪರದೆಯಲ್ಲಿ ನಿಜವಾಗಿ ಇರುವ ಬಿಂದುಗಳ ಸಂಖ್ಯೆ. ಪ್ಯಾನೆಲ್ ಐಪಿಎಸ್ ಎಂಬ, ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡದ ಬಗೆಯದಾಗಿರಲಿ, ಏಕೆಂದರೆ ಪೋರ್ಟಬಲ್ ಮಾನಿಟರನ್ನು ಯಾವಾಗಲೂ ಓರೆಯಾಗಿ, ಕಣ್ಣಿಗಿಂತ ಕೆಳಗಿಟ್ಟು ನೋಡುತ್ತೇವೆ, ಮತ್ತು ಅಗ್ಗದ ಟಿಎನ್ ಪರದೆ ಆ ಕೋನದಲ್ಲಿ ಬಣ್ಣಗೆಡುತ್ತದೆ. ಹೊಳಪು 250 ನಿಟ್ಸ್ ಎಂದಿದ್ದರೆ ಕೋಣೆಯೊಳಗೆ ಸಾಕು. ಕಿಟಕಿಯ ಪಕ್ಕದಲ್ಲಿ ಅಥವಾ ಜಗಲಿಯಲ್ಲಿ ಕೂರುವವರು 300ಕ್ಕಿಂತ ಕಡಿಮೆಯದನ್ನು ಕೊಳ್ಳದಿರುವುದು ಮೇಲು, ಜೊತೆಗೆ ಪರದೆ ಪ್ರತಿಫಲಿಸದ ಮ್ಯಾಟ್ ಮೇಲ್ಮೈಯದಾಗಿರಬೇಕು. ಬಣ್ಣದ ವಿಷಯದಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ (ಟಿವಿಯ ಹಳೆಯ ಬಣ್ಣ-ವ್ಯಾಪ್ತಿಯ ಮಾನದಂಡ) ಎಂದು ಬರೆದ ಪರದೆ, ಕಂಪ್ಯೂಟರಿನ ಸಾಮಾನ್ಯ ಬಣ್ಣ-ವ್ಯಾಪ್ತಿಯಾದ ಎಸ್‌ಆರ್‌ಜಿಬಿಯ ಮೂರನೆಯ ಎರಡರಷ್ಟನ್ನೂ ಸರಿಯಾಗಿ ತುಂಬುವುದಿಲ್ಲ. ಲೆಕ್ಕದ ಹಾಳೆಗೂ ಕೋಡಿಗೂ ಅದರಿಂದ ತೊಂದರೆಯಿಲ್ಲ, ಆದರೆ ಫೋಟೊ ತಿದ್ದುವವರು ಅದನ್ನು ಮುಟ್ಟಬಾರದು. 250 ನಿಟ್ಸಿನ ಪರದೆಯ ಮೇಲೆ ಅಂಟಿಸಿದ ಎಚ್‌ಡಿಆರ್ (ಕತ್ತಲು-ಬೆಳಕಿನ ಅಂತರವನ್ನು ಹೆಚ್ಚಾಗಿ ತೋರಿಸುವ ಸೌಲಭ್ಯ) ಎಂಬ ಚೀಟಿಗೆ ಬೆಲೆಯಿಲ್ಲ: ಪರದೆಗಳಿಗೆ ಮಾನದಂಡ ರೂಪಿಸುವ ವೆಸಾ ಸಂಸ್ಥೆಯ ಡಿಸ್‌ಪ್ಲೇಎಚ್‌ಡಿಆರ್‌ನ ಆರಂಭದ ದರ್ಜೆಯೇ 400 ನಿಟ್ಸ್ ಕೇಳುತ್ತದೆ.

ನಿಲುವಿಗೆ ಕೊಡಬೇಕಾದಷ್ಟು ಗಮನವನ್ನು ಯಾರೂ ಕೊಡುವುದಿಲ್ಲ. ಮಡಚಿ ನಿಲ್ಲಿಸುವ ಕವರ್ ಹಗುರವಾದರೂ ಒಂದೆರಡು ಕೋನಗಳಲ್ಲಿ ಮಾತ್ರ ನಿಲ್ಲುತ್ತದೆ, ನುಣುಪು ಮೇಜಿನ ಮೇಲೆ ಜಾರುತ್ತದೆ. ಹಿಂಬದಿಯಲ್ಲೇ ಕೂಡಿಕೊಂಡ ಕಾಲು ಸ್ವಲ್ಪ ಭಾರವಾದರೂ ಬಹಳ ಉತ್ತಮ. ಪರದೆಯನ್ನು ಉದ್ದಕ್ಕೆ ನಿಲ್ಲಿಸಲು ಬಂದರೆ ದೊಡ್ಡ ದಾಖಲೆ ಓದುವವರಿಗೆ ಅದೊಂದೇ ಕಾರಣಕ್ಕೆ ಕೊಟ್ಟ ಹಣ ಸಾರ್ಥಕವಾಗುತ್ತದೆ. ಲ್ಯಾಪ್‌ಟಾಪಿನ ಮುಚ್ಚಳಕ್ಕೇ ಸಿಕ್ಕಿಸಿ ಎರಡೂ ಕಡೆ ರೆಕ್ಕೆಯಂತೆ ಚಾಚುವ ಜೋಡಿ ಪರದೆಗಳನ್ನು ನಾನು ಒಪ್ಪುವುದಿಲ್ಲ. ಅವುಗಳ ಭಾರವೆಲ್ಲ ಲ್ಯಾಪ್‌ಟಾಪಿನ ಹಿಂಜಿನ (ಮುಚ್ಚಳದ ಕೀಲಿನ) ಮೇಲೆ ಬೀಳುತ್ತದೆ. 15.6 ಇಂಚಿನ ಮಾನಿಟರ್ 700ರಿಂದ 900 ಗ್ರಾಂ ಇರುತ್ತದೆ. ಕವರ್, ಕೇಬಲ್, ಚಾರ್ಜರ್ ಸೇರಿಸಿ ತೂಗಿ ನೋಡಿ. ಬೆನ್ನು ಹೊರುವುದು ಆ ಒಟ್ಟು ತೂಕವನ್ನು.

ಸ್ಪರ್ಶದ ಪರದೆ, 144 ಹರ್ಟ್ಸ್ ವೇಗ, ಒಳಗಿನ ಸ್ಪೀಕರ್: ಕಚೇರಿಯ ಕೆಲಸಕ್ಕೆ ಇವುಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಕೊಳ್ಳುವಾಗ ಎಲೆಕ್ಟ್ರಾನಿಕ್ ಮಳಿಗೆಗಳಿರುವ ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು ಜೋಡಿಸಿ ನೋಡುವ ಅವಕಾಶವಿದ್ದರೆ ಬಿಡಬೇಡಿ. ಆನ್‌ಲೈನಿನಲ್ಲಾದರೆ ವಾಪಸಾತಿಯ ಷರತ್ತನ್ನು ಮೊದಲು ಓದಿ: ಹಣ ಮರಳುತ್ತದೆಯೇ, ಅಥವಾ ಅದೇ ಮಾದರಿಯ ಮತ್ತೊಂದನ್ನು ಮಾತ್ರ ಕೊಡುತ್ತಾರೆಯೇ? ಲ್ಯಾಪ್‌ಟಾಪಿಗೆ ಹೊಂದದಿದ್ದಾಗ ಬದಲಿ ಮಾನಿಟರಿನಿಂದ ಪ್ರಯೋಜನವಿಲ್ಲ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ, ದೂರಿನ ಸಂಪರ್ಕ ಇರಬೇಕೆಂದು ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳು ಹೇಳುತ್ತವೆ. ಹೆಸರೇ ಕೇಳದ ಬ್ರ್ಯಾಂಡಿನ ಪೆಟ್ಟಿಗೆಯಲ್ಲಿ ಇವು ಇಲ್ಲದಿದ್ದರೆ ಖಾತರಿಯ ಕಾಗದವನ್ನು ಯಾರಿಗೆ ತೋರಿಸುವುದು ಎಂಬ ಪ್ರಶ್ನೆ ಏಳುತ್ತದೆ.

ಮನೆಗೆ ಬಂದ ದಿನವೇ, ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಕೊಂಡು, ಪರೀಕ್ಷೆ ಆರಂಭಿಸಿ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳ ಖಾಲಿ ಚಿತ್ರಗಳನ್ನು ಪೂರ್ತಿ ಪರದೆಗೆ ಹಾಕಿ ಸತ್ತ ಬಿಂದುಗಳನ್ನು ಹುಡುಕಿ. ಕತ್ತಲ ಕೋಣೆಯಲ್ಲಿ ಕಪ್ಪು ಚಿತ್ರವಿಟ್ಟು ಅಂಚಿನಿಂದ ಬೆಳಕು ಸೋರುತ್ತದೆಯೇ ನೋಡಿ. ಹೊಳಪನ್ನು ತೀರಾ ತಗ್ಗಿಸಿ, ಫೋನಿನ ಕ್ಯಾಮೆರಾದಲ್ಲಿ ಶಟರ್ ವೇಗ ಹೆಚ್ಚಿಸಿ ನೋಡಿದಾಗ ದಪ್ಪ ಪಟ್ಟೆಗಳು ಓಡಿದರೆ ಪರದೆ ಕಣ್ಣಿಗೆ ಕಾಣದಂತೆ ಮಿನುಗುತ್ತಿದೆ ಎಂದರ್ಥ. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ಕೊನೆಗೆ, ಜೋಡಿಸಿದ ಕೇಬಲ್ಲನ್ನು ಮೆಲ್ಲನೆ ಅಲ್ಲಾಡಿಸಿ. ಚಿತ್ರ ಹೋಗಿ ಬಂದರೆ ಪೋರ್ಟ್ ಸಡಿಲವಾಗಿದೆ. ಸದಾ ಸಿಕ್ಕಿಸಿ ಬಿಚ್ಚುವ ಈ ವಸ್ತುವಿನಲ್ಲಿ ಆ ದೋಷ ದಿನೇದಿನೇ ಹೆಚ್ಚುವುದರಿಂದ ಅಂಥದ್ದನ್ನು ಇಟ್ಟುಕೊಳ್ಳದೆ ವಾಪಸಾತಿಯ ಅವಧಿಯೊಳಗೇ ಹಿಂದಿರುಗಿಸಿ; ಮಾರಾಟಗಾರರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.