ಮುದ್ದೆ ಇಳಿಯಲ್ಲ, ಮಂಡಕ್ಕಿ ಇಳಿಯುತ್ತೆ

ತೂಕ ಇಳಿಸೋಕೆ ಆಪರೇಷನ್ ಮಾಡಿಸಿ ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಒಂದು ಊಟದ ಚಾರ್ಟ್ ಕೊಡುತ್ತಾರೆ. ನನಗೆ ಕೊಟ್ಟದ್ದರಲ್ಲಿ ಪಾಸ್ತಾ ಬೇಡ, ಬ್ರೆಡ್ ಬೇಡ, ಸ್ಟೀಕ್ ಬೇಡ ಅಂತ ಇತ್ತು. ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ರಾಗಿ ಮುದ್ದೆ, ಜೋಳದ ರೊಟ್ಟಿ, ಬೆಣ್ಣೆ ದೋಸೆ, ಮಂಡಕ್ಕಿ, ಹೋಳಿಗೆ, ಇವುಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ದಾವಣಗೆರೆಯಲ್ಲಿ ಬದುಕುವವನಿಗೆ ಬೇಕಾದ ಚಾರ್ಟನ್ನು ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ಒಂದೊಂದೇ ಪದಾರ್ಥ ನೋಡಿ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ. ಚೌಕಿಪೇಟೆಯ ಕಡೆ ನನ್ನದು ಬಟ್ಟೆ ಅಂಗಡಿ. ಬೆಳಗ್ಗೆ ಗಾದಿ ಮೇಲೆ ಕೂತರೆ ರಾತ್ರಿ ಬಾಗಿಲು ಹಾಕುವಾಗಲೇ ಏಳುವುದು. 2011ರಲ್ಲಿ ನನ್ನ ತೂಕ 124 ಕೆಜಿ, ಎತ್ತರ ಐದೂವರೆ ಅಡಿ. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 44. ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು. ರಾತ್ರಿ ಗೊರಕೆ ನಡುವೆ ಉಸಿರು ನಿಂತು ನಿಂತು ಬರುತ್ತಿತ್ತು. ಹಗಲು ಗಿರಾಕಿ ಎದುರಿಗೇ ತೂಕಡಿಸುತ್ತಿದ್ದೆ. ಡಯಟ್ಟು, ಯೋಗ, ಪುಡಿ, ಕಷಾಯ ಎಲ್ಲ ಆಗಿತ್ತು. ಹತ್ತು ಕೆಜಿ ಇಳಿಯೋದು, ಹನ್ನೆರಡು ಏರೋದು.

ಆಗ ಬೆಂಗಳೂರಿನಲ್ಲಿ ಬ್ಯಾಂಡ್ ಆಪರೇಷನ್ ಚೆನ್ನಾಗಿ ನಡೆಯುತ್ತಿತ್ತು. ಹೊಟ್ಟೆ ಕತ್ತರಿಸುವುದಿಲ್ಲ, ಕರುಳು ತಿರುಗಿಸುವುದಿಲ್ಲ, ಬೇಡವಾದರೆ ತೆಗೆಸಬಹುದು ಅಂದರು. ಅವ್ವ ಒಪ್ಪಿದ್ದು ಆ ಕೊನೆಯ ಮಾತಿಗೆ. ನನ್ನ ಪಾಲಿಸಿಯಲ್ಲಿ ಇದಕ್ಕೆ ಹಣ ಬರುತ್ತಿರಲಿಲ್ಲ, ಕೈಯಿಂದಲೇ ಕೊಟ್ಟೆ.

ಬ್ಯಾಂಡ್ ಅಂದರೆ ಸಿಲಿಕಾನಿನ ಒಂದು ಬಳೆ. ಜಠರದ ಮೇಲ್ತುದಿಗೆ ಸುತ್ತಿ ಬೀಗ ಹಾಕುತ್ತಾರೆ. ಬಳೆಯ ಮೇಲೆ ಒಂದು ಸಣ್ಣ ಚೀಲದಷ್ಟು ಜಾಗ ಉಳಿಯುತ್ತದೆ, ಕೆಳಗೆ ಉಳಿದ ಜಠರ ಹಾಗೇ ಇರುತ್ತದೆ. ಬಳೆಯ ಒಳಮೈಯಲ್ಲಿ ಟ್ಯೂಬಿನಂಥ ಪೊಳ್ಳು ಇದೆ. ಅದರಿಂದ ಒಂದು ಕೊಳವೆ ಹೊರಟು ಹೊಟ್ಟೆಯ ಚರ್ಮದ ಕೆಳಗೆ ಹೂತಿಟ್ಟ ಬಿಲ್ಲೆಗೆ ಸೇರುತ್ತದೆ. ಆ ಬಿಲ್ಲೆಗೆ ಪೋರ್ಟ್ ಅನ್ನುತ್ತಾರೆ. ಅಲ್ಲಿ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಬಳೆ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ನನ್ನದಕ್ಕೆ ಒಟ್ಟು 10 ಎಂಎಲ್ ಹಿಡಿಯುತ್ತದೆ. ಬಳೆ ಮಾಡುವ ಕೆಲಸ ಇಷ್ಟೇ: ಸ್ವಲ್ಪ ತಿಂದ ಕೂಡಲೇ ಸಾಕು ಅನ್ನಿಸುವುದು, ಆ ಸಾಕು ಸ್ವಲ್ಪ ಹೊತ್ತು ಉಳಿಯುವುದು. ಏನು ತಿಂದೆ ಅಂತ ಅದು ಕೇಳುವುದಿಲ್ಲ.

ಮೊದಲ ಎರಡು ವಾರ ಬರೀ ನೀರಿನಂಥದ್ದು. ಬೇಳೆಕಟ್ಟು, ಮಜ್ಜಿಗೆ, ಸೋಸಿದ ಸಾರು. ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಸುಮಾರು ಆರು ವಾರಕ್ಕೆ ಮೊದಲ ಸಲ ಸಲೈನ್ ತುಂಬಿದರು. ಅಲ್ಲಿಯವರೆಗೆ ಬಳೆ ಸುಮ್ನೆ ಕೂತಿರುತ್ತದೆ. ಹಸಿವೂ ಆಗುತ್ತದೆ. ಅದಕ್ಕೆ ಗಾಬರಿಯಾಗಬೇಕಿಲ್ಲ, ಆಗ ಗಾಯ ಮಾಯುವುದೇ ಮುಖ್ಯ.

ಮುದ್ದೆ ವಿಷಯಕ್ಕೆ ಬರೋಣ. ನಮ್ಮ ಅವ್ವನ ತವರು ಚಿತ್ರದುರ್ಗದ ಕಡೆ. ಅಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಮುದ್ದೆ ಅಗಿಯಬಾರದು, ನುಂಗಬೇಕು ಅಂತ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಳುಂ. ಬ್ಯಾಂಡಿನವರ ಮೊದಲ ಪಾಠ ಇದರ ಪೂರ್ತಿ ಉಲ್ಟಾ. ತುತ್ತು ಕಡಲೆಕಾಳಿನಷ್ಟಿರಬೇಕು, ಬಾಯಲ್ಲಿ ಪಾಯಸ ಆಗುವವರೆಗೆ ಅಗಿಯಬೇಕು. ಮುದ್ದೆ ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ನುಂಗಿದರೆ ಬಳೆಯ ಬಾಯಲ್ಲಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಆಗ ಎದೆಯ ನಡುವೆ ಒತ್ತಿದಂತಾಗುತ್ತದೆ. ಬಿಕ್ಕಳಿಕೆ ಬರುತ್ತದೆ. ಬಾಯಿ ತುಂಬ ನೊರೆ ನೊರೆ ಜೊಲ್ಲು. ಅದು ವಾಂತಿ ಅಲ್ಲ, ಯಾಕೆಂದರೆ ಊಟ ಹೊಟ್ಟೆಗೆ ಇಳಿದೇ ಇರುವುದಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಒಂದು ಸಲ ಹೀಗಾದರೆ ಒಳಗೆ ಊತ ಬರುತ್ತದೆ. ಆ ದಿನವೆಲ್ಲ ನೀರಿನಂಥದ್ದರಲ್ಲೇ ಇರಬೇಕು. ಇಳಿಯಲಿ ಅಂತ ಮೇಲೆ ನೀರು ಕುಡಿದರೆ ಇನ್ನೂ ಕಷ್ಟ, ನೀರೂ ಮೇಲೇ ನಿಲ್ಲುತ್ತದೆ.

ರಾಗಿ ಬಿಡಲು ಮನಸ್ಸಿಲ್ಲ ಅಂತ ಅಂಬಲಿ ಮಾಡಿಸಿಕೊಂಡೆ. ಸಲೀಸಾಗಿ ಇಳಿಯಿತು. ಆದರೆ ಸ್ವಲ್ಪ ಹೊತ್ತಿಗೇ ಹಸಿವು. ನೀರಿನಂಥದ್ದು ಬಳೆಯಲ್ಲಿ ನಿಲ್ಲುವುದೇ ಇಲ್ಲವಲ್ಲ. ಹಾಗಾಗಿ ಅಂಬಲಿ ಬೆಳಗ್ಗೆಗೆ ಮಾತ್ರ. ಬಹಳ ಜನಕ್ಕೆ ಹೀಗಾಗುತ್ತದೆ: ಬೆಳಗ್ಗೆ ಬಳೆ ಬಿಗಿ ಅನ್ನಿಸುತ್ತದೆ, ಸಂಜೆ ಹೊತ್ತಿಗೆ ಸಡಿಲ. ನಾನು ಏಳುತ್ತಲೇ ಅಂಬಲಿ, ಹತ್ತು ಗಂಟೆಗೆ ಗಟ್ಟಿ ತಿಂಡಿ ಅಂತ ಮಾಡಿಕೊಂಡೆ.

ರೊಟ್ಟಿಯಲ್ಲಿ ಒಂದು ಆಶ್ಚರ್ಯ ಕಾದಿತ್ತು. ಬಿಸಿಬಿಸಿ ಮೆತ್ತನೆ ಜೋಳದ ರೊಟ್ಟಿ ಒಳ್ಳೆಯದು ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು. ಅದು ಸಿಕ್ಕಿಕೊಳ್ಳುತ್ತದೆ. ಖಡಕ್ ರೊಟ್ಟಿ ಸಿಕ್ಕಿಕೊಳ್ಳುವುದಿಲ್ಲ! ಮೆತ್ತಗಿರೋದು ಬಾಯಲ್ಲಿ ಉಂಡೆ ಕಟ್ಟುತ್ತದೆ, ಒಣಗಿದ್ದು ಪುಡಿಯಾಗುತ್ತದೆ. ಚಪಾತಿಗೂ ಇದೇ ಲೆಕ್ಕ, ಬ್ರೆಡ್ಡಿಗೂ ಇದೇ. ಬ್ರೆಡ್ ಬೇಡ, ಗರಿಗರಿ ಟೋಸ್ಟ್ ಪರವಾಗಿಲ್ಲ. ಬೆಣ್ಣೆ ದೋಸೆಯ ಕೆಂಪಗಿನ ಅಂಚು ಇಳಿಯುತ್ತದೆ, ನಡುವಿನ ಮೆತ್ತನೆ ಭಾಗ ನಿಲ್ಲುತ್ತದೆ. ಅದರ ಮೇಲೆ ಕರಗುವ ಬೆಣ್ಣೆಯಂತೂ ಯಾವ ಬಳೆಯನ್ನೂ ಕೇಳದೆ ಇಳಿಯುತ್ತದೆ, ಅದನ್ನು ಮರೆಯಬೇಡಿ. ಅನ್ನ ಉದುರುದುರಾಗಿದ್ದರೆ ಕಷ್ಟ, ಸಾರಿನಲ್ಲಿ ಕಿವುಚಿದರೆ ಆಗುತ್ತದೆ. ನುಗ್ಗೆಕಾಯಿ, ಚವಳಿಕಾಯಿಯಂಥ ನಾರಿನ ತರಕಾರಿ, ಕಿತ್ತಳೆ ತೊಳೆಯ ಸಿಪ್ಪೆ, ಇವುಗಳಿಂದ ದೂರ ಇದ್ದೇನೆ.

ಈಗ ಮಂಡಕ್ಕಿ. ನಾಲ್ಕು ಗಂಟೆ ಆದರೆ ಚೌಕಿಪೇಟೆಯ ಅಂಗಡಿ ಅಂಗಡಿಗೂ ಪೇಪರಿನ ಪೊಟ್ಟಣ ಬರುತ್ತದೆ. ಖಾರಾ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. ಮಂಡಕ್ಕಿ ನಾಲಿಗೆ ಮೇಲೆ ಬಿದ್ದರೆ ಕರಗುತ್ತದೆ. ಬಳೆಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಮುದ್ದೆಯ ಮೂರು ತುತ್ತಿಗೆ ಪ್ರಾಣ ಹಿಂಡುವ ಬಳೆ ಒಂದು ಇಡೀ ಪೊಟ್ಟಣವನ್ನು ಸದ್ದಿಲ್ಲದೆ ಬಿಡುತ್ತದೆ. ಐಸ್ ಕ್ರೀಮ್, ಚಿಪ್ಸ್, ಚಾಕಲೇಟ್, ಬಿಸ್ಕತ್ತು ಚಹಾದಲ್ಲಿ ಅದ್ದಿದ್ದು, ಪಾಯಸ, ಎಲ್ಲ ಇದೇ ಗುಂಪು. ಬ್ಯಾಂಡ್ ಹಾಕಿಸಿಕೊಂಡೂ ತೂಕ ಇಳಿಯದವರನ್ನು ಕೇಳಿ ನೋಡಿ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಊಟ ನಿಜಕ್ಕೂ ಎರಡು ಚಮಚ ಇರುತ್ತದೆ. ಉಳಿದದ್ದು ಈ ಜಾರುವ ತಿಂಡಿ. ದೇಹಕ್ಕೆ ಬೇಕಾದ ಗಟ್ಟಿ ಊಟವನ್ನು ತಡೆದು, ಬೇಡವಾದದ್ದಕ್ಕೆ ದಾರಿ ಬಿಡುವ ಸಾಧನ ಇದು. ಅದಕ್ಕೇ ಬಳೆ ಹೆಚ್ಚು ಬಿಗಿ ಇದ್ದಷ್ಟೂ ತೂಕ ಹೆಚ್ಚು ಇಳಿಯುತ್ತದೆ ಅನ್ನೋದು ಸುಳ್ಳು. ತೀರಾ ಬಿಗಿಯಾದರೆ ಗಟ್ಟಿಯದು ಯಾವುದೂ ಹೋಗುವುದಿಲ್ಲ, ಮನುಷ್ಯ ತಾನಾಗಿ ಮಂಡಕ್ಕಿಗೆ, ಐಸ್ ಕ್ರೀಮಿಗೆ ತಿರುಗುತ್ತಾನೆ.

ನನ್ನ ನಾಲ್ಕು ಗಂಟೆಯ ಪೊಟ್ಟಣ ಈಗ ಹುರಿಗಡಲೆ ಮತ್ತು ಶೇಂಗಾ, ಒಂದು ಹಿಡಿ. ಅದನ್ನು ಅಗಿದು ಮುಗಿಸುವಷ್ಟರಲ್ಲಿ ಪಕ್ಕದ ಅಂಗಡಿಯವರ ಮಿರ್ಚಿಯೂ ಖಾಲಿಯಾಗಿರುತ್ತದೆ.

ಸಸ್ಯಾಹಾರಿಗಳಿಗೆ ಪ್ರೋಟೀನ್ ದೊಡ್ಡ ತಲೆನೋವು. ದಿನಕ್ಕೆ 60 ಗ್ರಾಂ ಆದರೂ ಬೇಕು ಅಂತ ಡಾಕ್ಟರು ಹೇಳಿದ್ದರು. ಒಂದು ಬಟ್ಟಲು ತೊವ್ವೆಯಲ್ಲಿ ಸಿಗುವುದು ಏಳೆಂಟು ಗ್ರಾಂ, ಅಷ್ಟೇ. ಹೊಟ್ಟೆಯಲ್ಲಿ ಜಾಗವೇ ಇಲ್ಲದವನು ಎಂಟು ಬಟ್ಟಲು ತೊವ್ವೆ ತಿನ್ನೋದು ಹೆಂಗೆ? ನೂರು ಗ್ರಾಂ ಪನೀರಿನಲ್ಲಿ 18 ಗ್ರಾಂ ಹತ್ತಿರ ಇದೆ. ಒಣ ಸೋಯಾ ಚಂಕ್ಸಿನಲ್ಲಿ ನೂರಕ್ಕೆ 50ರ ಮೇಲೆ. ಅವನ್ನು ನೆನೆಸಿ, ಬೇಯಿಸಿ, ಮಿಕ್ಸಿಯಲ್ಲಿ ತಿರುವಿ ಪಲ್ಯಕ್ಕೆ ಬೆರೆಸುತ್ತಾರೆ ನನ್ನ ಹೆಂಡತಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಮೊಳಕೆ ಹೆಸರುಕಾಳು ಚೆನ್ನಾಗಿ ಬೇಯಿಸಿದ್ದು ಕೂಡ. ತಟ್ಟೆಯಲ್ಲಿ ಮೊದಲು ಇವು, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನವೋ ರೊಟ್ಟಿಯೋ. ಊಟದ ಜೊತೆ ನೀರಿಲ್ಲ, ಆದ ಮೇಲೆ ಮುಕ್ಕಾಲು ಗಂಟೆ ನೀರಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಕೂದಲು ಕೈಗೆ ಬರತೊಡಗಿತು. ವೇಗವಾಗಿ ತೂಕ ಇಳಿಯುವಾಗ ಇದು ಆಗುವಂಥದ್ದೇ, ಆಮೇಲೆ ನಿಂತಿತು. ಬಿ12, ಕಬ್ಬಿಣ, ವಿಟಮಿನ್ ಡಿ ವರ್ಷಕ್ಕೊಮ್ಮೆ ನೋಡಿಸುತ್ತೇನೆ. ಪದೇ ಪದೇ ವಾಂತಿ ಆಗುತ್ತಿದ್ದರೆ ಬಿ1 ಕೊರತೆ ಬೇಗ ಬರುತ್ತದೆ, ನರಗಳಿಗೆ ಪೆಟ್ಟು. ಅದನ್ನು ತಡಮಾಡಬಾರದು.

ನಿಜವಾದ ಪರೀಕ್ಷೆ ಮದುವೆ ಮನೆಗಳಲ್ಲಿ, ದುಗ್ಗಮ್ಮನ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದರೆ ದಾವಣಗೆರೆಯ ಮನೆ ಮನೆಯಲ್ಲೂ ನೆಂಟರು. ಬಡಿಸುವವರು ಕೈ ತಡೆದರೆ ಕೇಳುವವರಲ್ಲ. "ಏನಪ್ಪ, ಹಕ್ಕಿ ಕುಕ್ಕಿದಂಗೆ ಕುಕ್ತೀಯ. ನಮ್ಮ ಮನಿ ಊಟ ರುಚಿ ಇಲ್ಲೇನು?" ಅಂತ ನಮ್ಮ ಸೋದರತ್ತೆ ಎಲ್ಲರೆದುರು ಕೇಳಿದರು. ಆಪರೇಷನ್ ವಿಷಯ ಹೇಳಿದರೆ ಊಟದ ಸಾಲು ಪೂರ್ತಿ ನನ್ನ ಹೊಟ್ಟೆಯ ಬಗ್ಗೆಯೇ ಮಾತಾಡುತ್ತದೆ. ನಾನು ಕಂಡುಕೊಂಡ ಉಪಾಯ, ಊಟಕ್ಕೆ ಕೂರದೆ ಬಡಿಸೋಕೆ ನಿಲ್ಲುವುದು. ಬಡಿಸುವವನನ್ನು ಯಾರೂ ಒತ್ತಾಯ ಮಾಡುವುದಿಲ್ಲ. ಕೊನೆ ಪಂಕ್ತಿಯಲ್ಲಿ ಕೂತು ನಿಧಾನಕ್ಕೆ ಹೋಳಿಗೆಯ ಹೂರಣ ಇಷ್ಟು, ಪಲ್ಯ ಇಷ್ಟು ತಿಂದರೆ ಆಯಿತು. ಹೋಳಿಗೆಯ ಕಣಕ ಬೇಡ, ಅದೂ ಉಂಡೆ ಕಟ್ಟುವ ಜಾತಿಯೇ.

ಸಲೈನ್ ತುಂಬಿಸೋಕೆ ಬೆಂಗಳೂರಿಗೇ ಹೋಗಬೇಕು, ಒಂದು ಕಡೆಗೆ 260 ಕಿಲೋಮೀಟರ್. ಮೊದಲ ವರ್ಷ ಈ ಓಡಾಟ ಜಾಸ್ತಿ. ಒಂದು ಸಲಕ್ಕೆ ಅರ್ಧವೋ ಒಂದೋ ಎಂಎಲ್, ಅಷ್ಟೇ. ತುಂಬಿದ ಮೇಲೆ ಅಲ್ಲೇ ಒಂದು ಲೋಟ ನೀರು ಕುಡಿಸಿ ನೋಡುತ್ತಾರೆ. ಆದರೂ ಒಂದು ಸಲ ಊರಿಗೆ ಬಂದ ಮೇಲೆ ಬಿಗಿಯಾಯಿತು, ಉಗುಳೂ ಇಳಿಯಲಿಲ್ಲ. ಊರಲ್ಲೇ ಒಂದು ಕಡೆ ತೋರಿಸಿದೆ. ಅಲ್ಲಿ ಮಾಮೂಲಿ ಇಂಜೆಕ್ಷನ್ ಸೂಜಿ ಕೈಗೆತ್ತಿಕೊಂಡರು. ಪೋರ್ಟಿಗೆ ಹ್ಯೂಬರ್ ಅನ್ನುವ ಬೇರೆ ಸೂಜಿಯೇ ಬೇಕು. ಅದರ ತೂತು ಪಕ್ಕಕ್ಕಿರುತ್ತದೆ, ರಬ್ಬರನ್ನು ಕೊರೆಯುವುದಿಲ್ಲ. ಮಾಮೂಲಿ ಸೂಜಿ ಚುಚ್ಚಿದರೆ ಪೋರ್ಟ್ ಸೋರತೊಡಗಬಹುದು, ಮತ್ತೆ ಆಪರೇಷನ್. ಬೇಡ ಅಂತ ಎದ್ದು ಬಂದು ರಾತ್ರಿ ರೈಲು ಹಿಡಿದೆ. ಅಂದಿನಿಂದ ಬ್ಯಾಂಡಿನ ಕಂಪನಿ, ಅಳತೆ, ಈಗ ಒಳಗಿರುವ ಎಂಎಲ್ ಬರೆದ ಕಾರ್ಡ್ ಪರ್ಸಿನಲ್ಲಿದೆ, ಒಂದು ಹ್ಯೂಬರ್ ಸೂಜಿ ಮನೆಯ ಬೀರುವಿನಲ್ಲಿದೆ. ಊರಲ್ಲಿ ಒಬ್ಬ ಸರ್ಜನ್‌ಗೆ ನನ್ನ ಬೆಂಗಳೂರು ಡಾಕ್ಟರು ಫೋನಿನಲ್ಲಿ ಎಲ್ಲ ವಿವರಿಸಿದ್ದಾರೆ. ತುರ್ತಿಗೆ ಅವರೇ ಸಲೈನ್ ತೆಗೆಯುತ್ತಾರೆ.

ಮಾತ್ರೆಗಳ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಸಕ್ಕರೆ ಕಾಯಿಲೆಯ ದೊಡ್ಡ ಮಾತ್ರೆ ಬಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಿಧಾನಕ್ಕೆ ಬಿಡುವ ಎಸ್‌ಆರ್ ಮಾತ್ರೆಯನ್ನು ಕುಟ್ಟಿ ನುಂಗುವಂತಿಲ್ಲ, ಔಷಧಿ ಎಲ್ಲ ಒಂದೇ ಸಲ ರಕ್ತಕ್ಕೆ ಹೋಗುತ್ತದೆ. ಡಾಕ್ಟರಿಗೆ ಹೇಳಿ ಸಣ್ಣ ಮಾತ್ರೆಗೆ ಬದಲಾಯಿಸಿಕೊಂಡೆ. ಊಟ ಕಡಿಮೆಯಾದ ಮೇಲೆ ಹಳೇ ಡೋಸ್ ಮುಂದುವರಿಸಿದರೆ ಸಕ್ಕರೆ ಕುಸಿಯಬಹುದು, ಅದನ್ನೂ ಅವರೇ ಹಂತ ಹಂತವಾಗಿ ಇಳಿಸಿದರು. ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಬ್ರೂಫೆನ್, ಡೈಕ್ಲೋಫೆನಾಕ್ ನನಗೆ ಬಂದ್. ಜಠರದ ಗೋಡೆಯಲ್ಲಿ ಹುಣ್ಣಾಗಿ ಬಳೆ ಒಳಗೆ ಕೊರೆದುಕೊಂಡು ಹೋಗುವ ಅಪಾಯ ಇದೆ. ನೋವು ಜಾಸ್ತಿಯಾದರೆ ಪ್ಯಾರಾಸಿಟಮಾಲ್ ಮಾತ್ರ.

ನಡಿಗೆ ಶುರುವಾದದ್ದು ಮನೆಯಿಂದ ಬೀದಿ ಕೊನೆಯವರೆಗೆ. ತೂಕ 110ಕ್ಕೆ ಇಳಿದ ಮೇಲೆ ಕುಂದವಾಡ ಕೆರೆ ಏರಿಗೆ ಹೋಗತೊಡಗಿದೆ. ಭದ್ರಾ ನಾಲೆ ನೀರು ತುಂಬಿದ ಕೆರೆ, ಬೆಳಗ್ಗೆ ಹೊತ್ತು ಗಾಳಿ ಚೆನ್ನಾಗಿರುತ್ತದೆ. ಅಂಗಡಿಯಲ್ಲೂ ಗಾದಿ ಬಿಟ್ಟೆ, ಥಾನು ಇಳಿಸಿ ತೋರಿಸುವ ಕೆಲಸ ನಾನೇ ಮಾಡುತ್ತೇನೆ. ಕೆಲಸದ ಹುಡುಗರಿಗೆ ಮೊದಲು ಇರುಸುಮುರುಸಾಯಿತು, ಈಗ ಅವರು ಲೆಕ್ಕ ಬರೆಯುತ್ತಾರೆ.

ಮೊದಲ ವರ್ಷದ ಕೊನೆಗೆ 98 ಇದ್ದೆ. ಈಗ ಕೆಲವು ವರ್ಷದಿಂದ 90ರ ಆಚೀಚೆ. ಬಿಎಂಐ ಲೆಕ್ಕದಲ್ಲಿ ನಾನು ಇನ್ನೂ ದಪ್ಪವೇ, ಅದಕ್ಕೆ ಬೇಜಾರಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.1 ಇದ್ದದ್ದು 6.3ಕ್ಕೆ ಬಂದಿದೆ. ಬಿಪಿಗೆ ಒಂದೇ ಮಾತ್ರೆ. ಉಸಿರು ನಿಲ್ಲುವುದು ನಿಂತಿದೆ. ಗೊರಕೆ ಇನ್ನೂ ಇದೆ ಅಂತಾರೆ ಹೆಂಡತಿ.

ಅಂಗಡಿಗೆ ಬಂದವರು ನಾವೂ ಬ್ಯಾಂಡ್ ಹಾಕಿಸಬಹುದಾ ಅಂತ ಕೇಳುತ್ತಾರೆ. ಈಗ ಬ್ಯಾಂಡ್ ಹಾಕುವವರೇ ಕಡಿಮೆ. ಜಠರದ ಬಹುಪಾಲು ಕತ್ತರಿಸಿ ತೆಗೆಯುವ ಸ್ಲೀವ್, ಇಲ್ಲವೇ ಕರುಳು ತಿರುಗಿಸಿ ಜೋಡಿಸುವ ಬೈಪಾಸ್ ಮಾಡುತ್ತಾರೆ. ಬ್ಯಾಂಡ್ ಜಾರಬಹುದು, ಕೊರೆಯಬಹುದು, ಎಷ್ಟೋ ಜನ ವರ್ಷಗಳಾದ ಮೇಲೆ ತೆಗೆಸಿದ್ದಾರೆ. ಈಗಾಗಲೇ ಹಾಕಿಸಿಕೊಂಡವರಿಗೆ ನಾನು ಹೇಳೋದು: ರಾತ್ರಿ ಮಲಗಿದಾಗ ಹುಳಿ ನೀರು ಗಂಟಲಿಗೆ ಬರುತ್ತಿದ್ದರೆ, ಒಣ ಕೆಮ್ಮು ಬರುತ್ತಿದ್ದರೆ, ಗ್ಯಾಸ್ ಅಂತ ಸುಮ್ನೆ ಇರಬೇಡಿ. ಬಳೆ ಬಿಗಿ ಹೆಚ್ಚಾಗಿದೆ ಅಥವಾ ಜಾರಿದೆ ಅನ್ನೋದಕ್ಕೆ ಅದು ಗುರುತಾಗಿರಬಹುದು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ನಾನು ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ಸದ್ಯ ಒಳಗೆ ಐದೂವರೆ ಎಂಎಲ್ ಇದೆ. ಈ ಸಲದ ಎಕ್ಸ್‌ರೇ ದೀಪಾವಳಿ ವ್ಯಾಪಾರ ಮುಗಿದ ಮೇಲೆ, ಅಲ್ಲಿವರೆಗೆ ಅಂಗಡಿ ಬಿಟ್ಟು ಹೋಗೋಕೆ ಆಗಲ್ಲ.